ಕೊರಡಿನೊಳಗಣ ಬಾಳು: ಅರಣ್ಯಪಾಲನೆಯೂ ಮರವನ್ನಾಶ್ರಯಿಸಿದ ಶಿಲೀಂಧ್ರಗಳೂ

೧

ಕನ್ನಡ ಸಾಹಿತ್ಯದ ಪರಿಚಯವುಳ್ಳವರಿಗೆ ‘ಕೊರಡು’ ಎಂಬ ಮಾತು ಹೊಸದಲ್ಲ. ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದುದು ಬಸವನ ಬಾಗೇವಾಡಿ. ಅವರ ವಚನಗಳಲ್ಲೊಂದು ಈ ಶಬ್ದವನ್ನು ಕನ್ನಡಿಗರ ನಾಲಗೆಯ ಮೇಲೆ ನೆಲೆಗೊಳಿಸಿದೆ. ಅಲ್ಲಿ ಕೊರಡೆಂಬುದು ನಿರ್ಜೀವತೆಯ ಪರಮಾವಧಿ. ಅದು ಮರಳಿ ಜೀವ ತಳೆಯುವುದೆಂದರೆ ಮಾನುಷಶಕ್ತಿಗೆ ಮೀರಿದ ಅನುಗ್ರಹವೇ ಸರಿ. ಆ ಉಪಮೆಯ ಬಲವೆಲ್ಲವೂ ಸರ್ವರಿಗೂ ತಿಳಿದ ಒಂದು ಅನುಭವವನ್ನು ಆಧರಿಸಿದೆ: ಕಡಿದ ಮರ ಸತ್ತುದು, ಸತ್ತುದು ಚಿಗುರದು.

ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಬಯಲಿನಲ್ಲಿ ಈ ಅನುಭವ ಇನ್ನೂ ಸ್ಪಷ್ಟವಾಗಿರುವುದು. ಈಗಿನ ವಿಜಯಪುರ ಜಿಲ್ಲೆಗೆ ಸೇರಿದ ಈ ನಾಡು ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆಯನ್ನು ಕಾಣುವ ಎರೆಯ ನೆಲ. ಇಲ್ಲಿ ಅರಣ್ಯವೆಂಬುದು ಅತ್ಯಲ್ಪ. ಹೊಲದ ಬದುವಿನ ಜಾಲಿ, ಊರ ಮುಂದಣ ಬೇವು, ಹಳ್ಳದ ದಂಡೆಯ ಹುಣಿಸೆ, ಇವೇ ಮರಗಳು. ಮಣ್ಣಿನ ಮಾಳಿಗೆಯನ್ನು ಹೊತ್ತ ತೊಲೆ ಜಂತಿಗಳು ಸೋರದ ಮನೆಯಲ್ಲಿ ತಲೆಮಾರುಗಳ ಕಾಲ ಗಟ್ಟಿಯಾಗಿ ನಿಲ್ಲುವುದುಂಟು. ಮರದ ಒಣತೂಕದ ನೂರಕ್ಕೆ ೨೦ರಷ್ಟಕ್ಕಿಂತ ಕಡಿಮೆ ತೇವವಿದ್ದರೆ ಅದನ್ನು ಕೊಳೆಯಿಸುವ ಶಿಲೀಂಧ್ರಗಳು ಬೆಳೆಯಲಾರವು. ಬಯಲುಸೀಮೆಯ ಗಾಳಿಯೇ ಅಲ್ಲಿನ ತೊಲೆಗಳ ಕಾವಲುಗಾರ. ಹೀಗೆ ಒಣಗಿದ ಕೊರಡು ನಿಜವಾಗಿಯೂ ನಿರ್ಜೀವವಾಗಿಯೇ ತೋರುವುದು.

ಆದರೆ ಇದೇ ಕೊರಡನ್ನು ಮಲೆನಾಡಿನ ಮಳೆಯಲ್ಲಿ ನೆಲದ ಮೇಲೆ ಬಿಟ್ಟರೆ ಸಂಗತಿ ಬೇರೆಯಾಗುವುದು. ಅದರ ಮೇಲೆ ಕಿವಿಯಾಕಾರದ, ಬೀಸಣಿಗೆಯಾಕಾರದ, ಗೊರಸಿನಾಕಾರದ ಅಣಬೆಗಳು ಹೊರಡುವುವು, ಒಳಗೆಲ್ಲ ಕಣ್ಣಿಗೆ ಕಾಣದ ಎಳೆಗಳು ಹಬ್ಬುವುವು, ಹುಳುಗಳು ಮನೆಮಾಡುವುವು, ಕೊನೆಗೆ ಮೆದುವಾದ ಅದರ ಮೈಮೇಲೆ ಗಿಡಗಳ ಬೀಜಗಳು ಬೇರೂರುವುವು. ಜೀವಂತವಾದ ಮರದ ಚೇಗು ಬಹುಮಟ್ಟಿಗೆ ಸತ್ತ ಕಣಗಳ ರಾಶಿ; ಬಿದ್ದು ಕುಂಬಾಗುತ್ತಿರುವ ಕೊರಡಿನಲ್ಲಿಯಾದರೋ ಜೀವಿಗಳ ಸಂಖ್ಯೆ ಅದಕ್ಕಿಂತ ಹೆಚ್ಚು. ಅಡವಿಯನ್ನಾಳುವವರು ಈ ಕೊರಡನ್ನು ಏನು ಮಾಡುತ್ತಾರೆಂಬುದೇ ಆ ಜೀವಿಗಳ ಅಳಿವು ಉಳಿವುಗಳನ್ನು ನಿರ್ಣಯಿಸುವುದು. ಈ ಸಂಬಂಧವು ಉತ್ತರದೇಶಗಳ ಶಂಕುಧಾರಿ ಮರಗಳ ಕಾಡುಗಳಲ್ಲಿ ಚೆನ್ನಾಗಿ ಪರೀಕ್ಷಿಸಲ್ಪಟ್ಟಿದೆ. ಅಲ್ಲಿ ತಿಳಿದುಬಂದುದನ್ನು ಮೊದಲು ನೋಡಿ, ಬಳಿಕ ಕನ್ನಡನಾಡಿನ ಕಾಡುಗಳಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುವುದೆಂಬುದನ್ನು ವಿಚಾರಿಸುವುದು ಯುಕ್ತ.

೨

ಅಣಬೆಯೆಂದು ಜನರು ಕರೆಯುವುದು ಶಿಲೀಂಧ್ರದ ಫಲಭಾಗ ಮಾತ್ರ. ಮಾವಿನ ಮರಕ್ಕೆ ಹಣ್ಣು ಹೇಗೋ ಶಿಲೀಂಧ್ರಕ್ಕೆ ಅಣಬೆ ಹಾಗೆ. ಅದರ ನಿಜವಾದ ದೇಹವು ಕೂದಲಿಗಿಂತಲೂ ಬಹಳ ಸಣ್ಣನೆಯ ಎಳೆಗಳ ಜಾಲವಾಗಿ ಮರದೊಳಗೆ ಹರಡಿರುವುದು. ಈ ಎಳೆಗಳು ತಮ್ಮ ತುದಿಯಿಂದ ಪಾಚಕರಸಗಳನ್ನು ಸ್ರವಿಸಿ ಮರವನ್ನು ಕರಗಿಸಿ ಹೀರಿಕೊಳ್ಳುವುವು. ಅಣಬೆ ಕಾಣದ ಕೊರಡಿನಲ್ಲಿ ಶಿಲೀಂಧ್ರವಿಲ್ಲವೆಂದು ಹೇಳುವುದು ಹಣ್ಣಿಲ್ಲದ ಕಾಲದಲ್ಲಿ ಮಾವಿನ ಮರವೇ ಇಲ್ಲವೆಂದು ಹೇಳಿದಂತೆ.

ಈ ವಿಷಯವು ತಿಳಿದು ಇನ್ನೂ ಎರಡು ಶತಮಾನಗಳಾಗಿಲ್ಲ. ಮರ ತಾನಾಗಿ ಕೊಳೆಯುವುದೆಂದೂ ಕೊಳೆತದ್ದರಿಂದ ಅಣಬೆ ಹುಟ್ಟುವುದೆಂದೂ ವಿದ್ವಾಂಸರೇ ಬಹುಕಾಲ ನಂಬಿದ್ದರು. ಜರ್ಮನಿಯ ರಾಬರ್ಟ್ ಹಾರ್ಟಿಗ್ ಎಂಬ ಅರಣ್ಯಶಾಸ್ತ್ರಜ್ಞನು ೧೮೭೪ರಲ್ಲಿಯೂ ೧೮೭೮ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಕ್ರಮವು ತಿರುವುಮುರುವಾದುದೆಂದು ತೋರಿಸಿದನು: ಮರದೊಳಗಣ ಎಳೆಗಳೂ ಹೊರಗಣ ಅಣಬೆಯೂ ಒಂದೇ ಜೀವಿ, ಕೊಳೆಯುವಿಕೆಗೆ ಆ ಜೀವಿಯೇ ಕಾರಣ. ಆತನು ಪರೀಕ್ಷಿಸಿದ ಮರಗಳಲ್ಲಿ ಪೈನ್, ಸ್ಪ್ರೂಸ್ ಮೊದಲಾದ ಶಂಕುಧಾರಿಗಳೇ ಮುಖ್ಯವಾಗಿದ್ದುವು.

ಮರವೆಂಬುದು ಸ್ಥೂಲವಾಗಿ ಎರಡು ದ್ರವ್ಯಗಳ ಹೆಣಿಗೆ. ಒಂದು ಸೆಲ್ಯುಲೋಸು, ಇದು ಬಿಳಿಯ ನಾರು, ಹತ್ತಿಯ ದ್ರವ್ಯವೇ. ಇನ್ನೊಂದು ಲಿಗ್ನಿನ್, ನಾರುಗಳ ನಡುವೆ ತುಂಬಿ ಅವನ್ನು ಗಟ್ಟಿಮಾಡುವ ಕಂದುಬಣ್ಣದ ಅಂಟು. ಕೆಲವು ಶಿಲೀಂಧ್ರಗಳು ಇವೆರಡನ್ನೂ ತಿನ್ನುವುವು. ಆಗ ಮರವು ಬೆಳ್ಳಗಾಗಿ ನಾರುನಾರಾಗುವುದು. ಇದಕ್ಕೆ ಬಿಳಿಕೊಳೆ ಎನ್ನಬಹುದು. ಮತ್ತೆ ಕೆಲವು ನಾರನ್ನು ಮಾತ್ರ ತಿಂದು ಅಂಟನ್ನು ಬಿಟ್ಟುಬಿಡುವುವು. ಆಗ ಮರವು ಕಂದುಬಣ್ಣಕ್ಕೆ ತಿರುಗಿ, ಬಿರಿದು, ಇಟ್ಟಿಗೆಯ ಚೂರುಗಳಂತೆ ಒಡೆಯುವುದು. ಇದು ಕಂದುಕೊಳೆ. ಉಷ್ಣದೇಶದ ಅಗಲೆಲೆಯ ಕಾಡುಗಳಲ್ಲಿ ಬಿಳಿಕೊಳೆಯೇ ಪ್ರಧಾನವಾದುದು. ಶಂಕುಧಾರಿಗಳ ಕಾಡುಗಳಲ್ಲಿ ಕಂದುಕೊಳೆಗೆ ಪ್ರಾಮುಖ್ಯ ಹೆಚ್ಚು. ಕಂದುಕೊಳೆಯ ಶೇಷವು ಬೇಗ ಮಣ್ಣಾಗದೆ ನೂರಾರು ವರ್ಷ ನೆಲದಲ್ಲಿ ಉಳಿದು, ನೀರನ್ನು ಹಿಡಿದಿಟ್ಟು, ಎಳೆಯ ಮರಗಳ ಬೇರುಗಳಿಗೆ ಆಶ್ರಯವಾಗುವುದು.

ಕೊಳೆಯುವ ಮರದ ಅವಸ್ಥೆಗಳನ್ನು ಕನ್ನಡವು ಬಹು ಹಿಂದೆಯೇ ಗುರುತಿಸಿ ಹೆಸರಿಟ್ಟಿದೆ ಎಂಬುದು ಭಾಷೆಯ ಅಧ್ಯಾಪಕರು ಗಮನಿಸತಕ್ಕ ಸಂಗತಿ. ನಿಂತು ಸತ್ತದ್ದು ಒಣಮರ, ಮೇಲ್ಭಾಗ ಹೋಗಿ ಉಳಿದದ್ದು ಮೋಟು, ನೆಲಕ್ಕುರುಳಿದ್ದು ಕೊರಡು, ಒಳಗು ಖಾಲಿಯಾದದ್ದು ಪೊಟರೆ, ಗಟ್ಟಿಯಾದ ಒಳಮರ ಚೇಗು, ಅದು ಮೆತ್ತಗಾಗಿ ಪುಡಿಯಾಗತೊಡಗಿದರೆ ಕುಂಬು. ಶಿಲೀಂಧ್ರಶಾಸ್ತ್ರವೂ ಹೆಚ್ಚುಕಡಿಮೆ ಇದೇ ಭೇದಗಳನ್ನು ಎಣಿಸುವುದು. ಏಕೆಂದರೆ ಒಣಮರದಲ್ಲಿ ಬಾಳುವ ಶಿಲೀಂಧ್ರ ಬೇರೆ, ಮೋಟಿನಲ್ಲಿ ಬಾಳುವುದು ಬೇರೆ. ಹೊಸ ಕೊರಡಿಗೆ ಬರುವುದು ಬೇರೆ, ಕುಂಬಾದ ಕೊರಡಿಗೆ ಬರುವುದು ಬೇರೆ. ಆದುದರಿಂದ ಕಾಡಿನಲ್ಲಿ ಈ ಅವಸ್ಥೆಗಳಲ್ಲಿ ಯಾವುದು ಇಲ್ಲವಾಗುವುದೋ ಅದನ್ನಾಶ್ರಯಿಸಿದ ಜೀವಿಯೂ ಇಲ್ಲವಾಗುವುದು.

೩

ಪೈನ್, ಫರ್, ಸ್ಪ್ರೂಸ್, ದೇವದಾರು ಮೊದಲಾದವು ಶಂಕುಧಾರಿಗಳು. ಇವುಗಳ ಬೀಜಗಳು ಹಣ್ಣಿನೊಳಗಿರದೆ ಶಂಕುವಿನಾಕಾರದ ಕಾಯಿಯ ಪದರಗಳ ಮೇಲಿರುವುವು; ಎಲೆಗಳು ಬಹುಮಟ್ಟಿಗೆ ಸೂಜಿಯಂತಿರುವುವು; ಪೈನ್, ಸ್ಪ್ರೂಸುಗಳ ಮರದಲ್ಲಿ ರಾಳವು ಹರಿಯುವುದು. ಈ ರಾಳವು ಗಾಯವನ್ನು ಮುಚ್ಚಿ ಅನೇಕ ಶಿಲೀಂಧ್ರಗಳನ್ನು ತಡೆಯುವುದರಿಂದ ಇಂತಹ ಮರದೊಳಕ್ಕೆ ಹೊಗುವುದು ಎಲ್ಲವಕ್ಕೂ ಸಾಧ್ಯವಿಲ್ಲ. ಅದನ್ನು ಸಾಧಿಸಿಕೊಂಡ ಜಾತಿಗಳು ಅದಕ್ಕೇ ಮೀಸಲಾಗಿ, ಬೇರೆ ಮರಗಳನ್ನು ಬಹುಮಟ್ಟಿಗೆ ಬಿಟ್ಟಿರುವುವು.

ಫಿನ್ಲೆಂಡ್, ಸ್ವೀಡನ್ ದೇಶಗಳ ಕೊಡಲಿ ತಾಗದ ಸ್ಪ್ರೂಸ್ ಕಾಡಿನಲ್ಲಿ ಒಂದು ಮರ ಬಿದ್ದರೆ ಅದು ಪೂರ್ತಿಯಾಗಿ ಮಣ್ಣಾಗಲು ಐವತ್ತರಿಂದ ನೂರು ವರ್ಷಗಳು ಬೇಕಾಗುವುದುಂಟು. ಈ ಅವಧಿಯಲ್ಲಿ ಒಂದರ ಹಿಂದೊಂದಾಗಿ ಹಲವು ಶಿಲೀಂಧ್ರಗಳು ಆ ಕೊರಡಿನಲ್ಲಿ ಸಂಸಾರ ಹೂಡುವುವು. ಫೊಮಿಟಾಪ್ಸಿಸ್ ಪಿನಿಕೋಲ ಎಂಬುದು ಮೊದಮೊದಲು ಬರುವವುಗಳಲ್ಲೊಂದು. ಗೊರಸಿನಾಕಾರದ, ಕೆಂಪಂಚಿನ ಈ ಅಣಬೆ ಕಂದುಕೊಳೆಯನ್ನುಂಟುಮಾಡುವುದು. ಅದು ಉಂಡುಬಿಟ್ಟ ಮರದಲ್ಲಿಯೇ ಬರಬಲ್ಲ ಬೇರೆ ಜಾತಿಗಳಿವೆ. ಹಿಂದಿನವನು ಹದಮಾಡಿದ ಹೊಲದಲ್ಲಿ ಮುಂದಿನವನು ಬಿತ್ತುವಂತೆ, ಒಂದರ ಕೆಲಸ ಮುಗಿಯದೆ ಇನ್ನೊಂದಕ್ಕೆ ಪ್ರವೇಶವಿಲ್ಲ. ಪೆರ್ಟ್ಟಿ ರೆನ್ವಾಲ್ ಎಂಬ ಸಂಶೋಧಕನು ಉತ್ತರ ಫಿನ್ಲೆಂಡಿನ ಶಂಕುಧಾರಿ ಕೊರಡುಗಳಲ್ಲಿ ಈ ಅನುಕ್ರಮವನ್ನು ವಿವರವಾಗಿ ಪರಿಶೀಲಿಸಿ ೧೯೯೫ರಲ್ಲಿ ಪ್ರಕಟಿಸಿದನು.

ಇನ್ನು ಅರಣ್ಯಪಾಲನೆಯ ಪರಿಣಾಮ. ಆ ಸೀಮೆಯ ದಕ್ಷಿಣ ಮತ್ತು ಮಧ್ಯಭಾಗಗಳ ಪುರಾತನ ಕಾಡುಗಳಲ್ಲಿ ಒಂದು ಹೆಕ್ಟೇರಿಗೆ ಸುಮಾರು ೬೦ರಿಂದ ೯೦ ಘನಮೀಟರಿನಷ್ಟು ಸತ್ತ ಮರವಿರುವುದು. ನಾಟಕ್ಕಾಗಿ ಬೆಳೆಸಿ ಕಡಿಯುವ ಕಾಡುಗಳಲ್ಲಿ ಅದು ೨ರಿಂದ ೧೦ ಘನಮೀಟರುಗಳಿಗೆ ಇಳಿದಿದೆ. ಎಂದರೆ ನೂರರಲ್ಲಿ ತೊಂಬತ್ತು ಭಾಗಕ್ಕೂ ಹೆಚ್ಚು ಮನೆಗಳನ್ನು ಕೆಡವಿದಂತಾಯಿತು. ಫಿನ್ಲೆಂಡಿನ ಕಾಡುಜೀವಿಗಳಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದರಷ್ಟು, ಸುಮಾರು ನಾಲ್ಕೈದು ಸಾವಿರ ಜಾತಿಗಳು, ಸತ್ತ ಮರವನ್ನವಲಂಬಿಸಿದುವೆಂದು ಅಲ್ಲಿನ ವಿದ್ವಾಂಸರು ಎಣಿಸಿರುವರು. ಈ ಹಿನ್ನೆಲೆಯಲ್ಲಿ ಆ ಇಳಿತದ ಅರ್ಥವು ಸ್ಪಷ್ಟವಾಗುವುದು.

ನಷ್ಟವು ಎಲ್ಲ ಜಾತಿಗಳಿಗೂ ಒಂದೇ ಸಮನಾಗಿ ಆಗುವುದಿಲ್ಲ. ಫೊಮಿಟಾಪ್ಸಿಸ್ ಪಿನಿಕೋಲದಂತಹವು ಸಣ್ಣ ಮರವಾದರೂ ಮೋಟಾದರೂ ಒಪ್ಪಿಕೊಂಡು ಬದುಕುವುವು. ಅಮೈಲೋಸಿಸ್ಟಿಸ್ ಲಾಪೋನಿಕ, ಫ್ಲೆಬಿಯ ಸೆಂಟ್ರಿಫ್ಯೂಗ ಮೊದಲಾದುವಕ್ಕೆ ದಪ್ಪನೆಯ ಹಳೆಯ ಕೊರಡೇ ಬೇಕು; ಒಂದು ಕೊರಡು ಮುಗಿಯುವಷ್ಟರಲ್ಲಿ ಹತ್ತಿರದಲ್ಲಿ ಇನ್ನೊಂದು ಸಿದ್ಧವಾಗಿರಬೇಕು. ಇವುಗಳ ಬೀಜಾಣುಗಳು ಗಾಳಿಯಲ್ಲಿ ಹಾರುವುವು ನಿಜ. ಆದರೆ ಬಹುಪಾಲು ಬೀಜಾಣುಗಳು ತಾಯಿಯ ಸುತ್ತಮುತ್ತಲೇ ಬೀಳುವುದರಿಂದ, ಸರಪಳಿಯಲ್ಲಿ ಒಂದು ಕೊಂಡಿ ಕಡಿದರೆ ದೂರದಿಂದ ಅದು ಮತ್ತೆ ಕೂಡಿಬರುವುದು ಕಷ್ಟ. ಹೀಗೆ ಪಳಗಿಸಿದ ಕಾಡಿನಲ್ಲಿ ಸಾಮಾನ್ಯವಾದವು ಉಳಿದು, ವಿಶೇಷವಾದವು ಅಳಿಯುವುವು. ಹೊರಗಿನಿಂದ ನೋಡಿದವರಿಗೆ ಕಾಡು ಹಸಿರಾಗಿಯೇ ಕಾಣುವುದು.

೪

ಕಾಡನ್ನು ಶುಚಿಯಾಗಿಟ್ಟರೆ ಶಿಲೀಂಧ್ರಗಳ ಬಾಧೆಯಾದರೂ ತಪ್ಪುವುದಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಅರಣ್ಯಶಾಸ್ತ್ರದ ಹಿಂದಿನ ಆಚಾರ್ಯರ ಮತವೂ ಅದೇ ಆಗಿತ್ತು: ಸತ್ತ ಮರ ರೋಗದ ತವರು, ಅದನ್ನು ಹೊರಗೆ ಹಾಕತಕ್ಕದ್ದು. ಆದರೆ ಮನುಷ್ಯನು ಮರವನ್ನು ಒಯ್ದರೂ ಬುಡದ ಮೋಟನ್ನು ಬಿಟ್ಟೇ ಹೋಗುವನು. ಹೊಸದಾಗಿ ಕಡಿದ ಮೋಟು ಪ್ರಕೃತಿಯಲ್ಲಿ ವಿರಳವಾದ ವಸ್ತು. ಅದರ ಬೇರುಗಳು ಇನ್ನೂ ಜೀವಂತವಾಗಿದ್ದು ಆಹಾರದಿಂದ ತುಂಬಿರುವುವು, ಆದರೆ ತಡೆಯುವ ಶಕ್ತಿ ಅವಕ್ಕೆ ಉಳಿದಿರುವುದಿಲ್ಲ.

ಈ ಬಾಗಿಲಿನಿಂದಲೇ ಒಳಹೊಗುವ ಶಿಲೀಂಧ್ರವೊಂದು ಯೂರೋಪಿನ ಶಂಕುಧಾರಿ ತೋಪುಗಳಿಗೆ ದೊಡ್ಡ ಪೀಡೆಯಾಯಿತು. ಅದರ ಹೆಸರು ಹೆಟೆರೊಬೇಸಿಡಿಯನ್ ಅನೋಸಮ್. ಇಂಗ್ಲೆಂಡಿನ ಪೂರ್ವಭಾಗದ ಪೈನ್ ತೋಪುಗಳಲ್ಲಿ ಕೇಂಬ್ರಿಜ್ಜಿನ ಜಾನ್ ರಿಷ್ಬೆತ್ ಎಂಬ ಸಸ್ಯಶಾಸ್ತ್ರಜ್ಞನು ಇದನ್ನು ಪರಿಶೀಲಿಸಿ, ೧೯೫೦ರ ಸುಮಾರಿನಲ್ಲಿ ಅದರ ದಾರಿಯನ್ನು ಪತ್ತೆಹಚ್ಚಿದನು. ಗಾಳಿಯಲ್ಲಿ ಬಂದ ಬೀಜಾಣುಗಳು ಹಸಿ ಮೋಟಿನ ಮೇಲೆ ಬಿದ್ದು ಮೊಳೆತು, ಬೇರಿಗಿಳಿದು, ಬೇರು ಬೇರನ್ನು ತಾಗಿದಲ್ಲಿ ನೆರೆಯ ಜೀವಂತ ಮರವನ್ನು ಹಿಡಿಯುವುವು. ತೋಪನ್ನು ತೆಳುಮಾಡಲೆಂದು ಕಡಿದಷ್ಟೂ ಮೋಟುಗಳು ಹೆಚ್ಚುವುವು, ಮೋಟುಗಳು ಹೆಚ್ಚಿದಷ್ಟೂ ರೋಗ ಹಬ್ಬುವುದು. ಪರಿಹಾರವೂ ಶಿಲೀಂಧ್ರದಿಂದಲೇ ದೊರೆಯಿತು. ಪೆನಿಯೋಫೋರ ಜೈಜಾಂಟಿಯ ಎಂಬ ನಿರುಪದ್ರವಿಯಾದ ಜಾತಿಯ ಬೀಜಾಣುಗಳನ್ನು ಹೊಸ ಮೋಟಿಗೆ ಲೇಪಿಸಿದರೆ ಅದು ಮೊದಲು ಸ್ಥಳ ಹಿಡಿದು ಶತ್ರುವಿಗೆ ಎಡೆಗೊಡುವುದಿಲ್ಲವೆಂದು ಆತನೇ ೧೯೬೩ರಲ್ಲಿ ತೋರಿಸಿದನು.

ಇದಕ್ಕೆ ಮೊದಲೇ, ೧೯೩೭ರಲ್ಲಿ, ಆಫ್ರಿಕದ ನ್ಯಾಸಾಲೆಂಡಿನ ಚಹದ ತೋಟಗಳಲ್ಲಿ ಲೀಚ್ ಎಂಬಾತನು ಇಂತಹದೇ ತತ್ತ್ವವನ್ನು ಬೇರೆ ರೀತಿಯಲ್ಲಿ ಕಂಡಿದ್ದನು. ಕಾಡನ್ನು ಕಡಿದು ತೋಟ ಮಾಡುವಾಗ, ಉಳಿದ ಬೇರುಗಳಿಂದ ಆರ್ಮಿಲೇರಿಯ ಎಂಬ ಶಿಲೀಂಧ್ರವು ಚಹದ ಗಿಡಗಳಿಗೆ ಹಬ್ಬುತ್ತಿತ್ತು. ಮರವನ್ನು ಒಮ್ಮೆಗೇ ಕಡಿಯದೆ ಮೊದಲು ಬುಡದ ಸುತ್ತ ತೊಗಟೆಯನ್ನು ಬಳೆಯಂತೆ ಸುಲಿದು ಬಿಟ್ಟರೆ, ಬೇರಿನಲ್ಲಿದ್ದ ಪಿಷ್ಟವೆಲ್ಲ ಕ್ರಮೇಣ ತೀರುವುದು; ಬರಿದಾದ ಬೇರನ್ನು ಸಾಧುಜಾತಿಯ ಶಿಲೀಂಧ್ರಗಳು ಆಕ್ರಮಿಸುವುವು; ಆರ್ಮಿಲೇರಿಯಕ್ಕೆ ಅಲ್ಲಿ ಊಟವಿಲ್ಲ.

ಈ ಉದಾಹರಣೆಗಳಿಂದ ತಿಳಿಯುವುದೇನೆಂದರೆ, ಅರಣ್ಯಪಾಲನೆಯು ಶಿಲೀಂಧ್ರಗಳನ್ನು ಕಾಡಿನಿಂದ ಹೊರದೂಡುವುದಿಲ್ಲ; ಅವುಗಳಲ್ಲಿ ಯಾವುದಿರಬೇಕು ಯಾವುದಿರಬಾರದೆಂದು ಅರಿತೋ ಅರಿಯದೆಯೋ ಆರಿಸುವುದು. ಕೊರಡನ್ನು ತೆಗೆದು ಮೋಟನ್ನು ಬಿಡುವ ಪದ್ಧತಿಯು ಹಳೆಯ ಕೊರಡಿನ ವಿರಳಜಾತಿಗಳನ್ನು ಕಳೆದು, ಹಸಿ ಮೋಟಿನ ರೋಗಕಾರಿಗಳನ್ನು ಸಾಕುವುದು.

೫

ಈ ಶುಚಿತ್ವದ ಅರಣ್ಯಶಾಸ್ತ್ರವು ಹುಟ್ಟಿ ಬೆಳೆದುದು ಜರ್ಮನಿಯ ಸ್ಪ್ರೂಸ್, ಪೈನ್ ತೋಪುಗಳಲ್ಲಿ. ಅಲ್ಲಿಂದ ಅದು ಭರತಖಂಡಕ್ಕೆ ಬಂದುದು ನೇರವಾಗಿಯೇ. ೧೮೬೪ರಲ್ಲಿ ಇಂಡಿಯದ ಅರಣ್ಯಗಳ ಮೊದಲನೆಯ ಇನ್ಸ್ಪೆಕ್ಟರ್ ಜನರಲ್ ಆದ ಡೀಟ್ರಿಕ್ ಬ್ರಾಂಡಿಸ್ ಜರ್ಮನ್ ದೇಶದವನು; ಆತನ ತರುವಾಯ ಬಂದ ಶ್ಲಿಕ್, ರಿಬೆನ್‌ಟ್ರಾಪ್ ಎಂಬವರೂ ಅದೇ ದೇಶದವರು. ಮೈಸೂರು ಸಂಸ್ಥಾನದ ಅರಣ್ಯ ಇಲಾಖೆಯೂ ಅದೇ ೧೮೬೪ರಲ್ಲಿ ಸ್ಥಾಪಿತವಾಯಿತು. ಒಂದೇ ವಯಸ್ಸಿನ ಮರಗಳ ಸಾಲು, ಗೊತ್ತಾದ ಅವಧಿಗೆ ಕಡಿತ, ಮುದಿಯಾದುದನ್ನೂ ಸತ್ತುದನ್ನೂ ಹೊರಗೆ ಹಾಕುವುದು ಎಂಬ ನಿಯಮಗಳು ಶಂಕುಧಾರಿಗಳ ತೋಪಿನಿಂದ ದಾಂಡೇಲಿಯ ಸಾಗುವಾನಿಗೆ ದಾಟಿ ಬಂದುವು.

ಹಿಮಾಲಯದಲ್ಲಿ ಶಂಕುಧಾರಿಗಳೇ ಇರುವುದರಿಂದ ಅಲ್ಲಿ ಈ ಶಾಸ್ತ್ರದ ಗುಣದೋಷಗಳು ಬೇಗ ಗೋಚರವಾದುವು. ಅಲ್ಲಿನ ಕೈಲ್ ಎಂಬ ಪೈನ್ ಮರದ ಕೊಂಬೆಗಳನ್ನು ಸೌದೆಗಾಗಿ ಸವರಿದಲ್ಲಿ ಟ್ರಾಮಿಟೀಸ್ ಪಿನಿ ಎಂದು ಹಿಂದೆ ಹೆಸರಾಗಿದ್ದ ಶಿಲೀಂಧ್ರವು ಗಾಯದ ಮೂಲಕ ಚೇಗನ್ನು ಹೊಕ್ಕು ಟೊಳ್ಳುಮಾಡುವುದು. ಡೆಹರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ ಕೃಷ್ಣದಾಸ ಬಾಗ್ಚಿ, ಬಿ. ಕೆ. ಬಕ್ಷಿ ಮೊದಲಾದವರು ಇಂತಹ ಶಿಲೀಂಧ್ರಗಳನ್ನು ದಶಕಗಳ ಕಾಲ ಪರಿಶೀಲಿಸಿದರು. ಮರಗಳನ್ನೂ ನಾಟವನ್ನೂ ಕೊಳೆಯಿಸುವ ಭಾರತೀಯ ಜಾತಿಗಳನ್ನು ಕುರಿತ ಬಕ್ಷಿಯವರ ಗ್ರಂಥವು ೧೯೭೧ರಲ್ಲಿ ಹೊರಬಂದಿತು.

ಕನ್ನಡನಾಡಿನಲ್ಲಿಯಾದರೋ ಶಂಕುಧಾರಿಗಳ ಕಾಡಿಲ್ಲ. ದಕ್ಷಿಣಭಾರತಕ್ಕೆ ಸ್ವದೇಶೀಯವಾದ ಶಂಕುಧಾರಿ ಒಂದೇ ಒಂದು, ನಾಜಿಯ ವಾಲಿಚಿಯಾನ. ಅದರ ನೆಲೆ ಪಶ್ಚಿಮಘಟ್ಟದ ದಕ್ಷಿಣಭಾಗ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕಾಣುವ ಅರಾಕೇರಿಯಗಳು ನೆಟ್ಟು ಬೆಳೆಸಿದುವು. ಸೂಜಿಯಂತಹ ಹಸಿರನ್ನೂ ಪುಟ್ಟ ಶಂಕುಗಳನ್ನೂ ಹೊತ್ತ ಸರ್ವೆಮರವನ್ನು ಪೈನೆಂದು ಭ್ರಮಿಸುವವರುಂಟು. ಅದು ಹೂಬಿಡುವ ಮರಗಳ ಗುಂಪಿಗೆ ಸೇರಿದುದು, ಶಂಕುಧಾರಿಯಲ್ಲ. ಆದರೂ ೧೮೬೮ರಲ್ಲಿ ಕಾರವಾರದ ಕರಾವಳಿಯಲ್ಲಿ ಸೌದೆಗಾಗಿ ನೆಡಲಾರಂಭಿಸಿದ ಈ ಸರ್ವೆಯ ತೋಪುಗಳು ಯೂರೋಪಿನ ಪೈನ್ ತೋಪುಗಳ ಪಡಿಯಚ್ಚು. ಒಂದೇ ಜಾತಿ, ಒಂದೇ ವಯಸ್ಸು, ತಾಗಿದ ಬೇರುಗಳು. ಸರ್ವೆಯ ತೋಪುಗಳನ್ನು ಬಾಧಿಸುವ ಬೇರುಕೊಳೆಗಳಲ್ಲಿ ಗ್ಯಾನೊಡರ್ಮ ಎಂಬ ಶಿಲೀಂಧ್ರದ್ದು ಮುಖ್ಯವಾದುದೆಂಬುದು ಆಶ್ಚರ್ಯವಲ್ಲ.

ಮಲೆನಾಡಿನ ರೈತನಿಗೆ ಈ ಗ್ಯಾನೊಡರ್ಮ ಹಳೆಯ ಪರಿಚಯದ್ದೇ. ಅಡಕೆಯ ಮರದ ಬುಡದಲ್ಲಿ ಮೆರುಗೆಣ್ಣೆ ಬಳಿದಂತೆ ಹೊಳೆಯುವ ಅಣಬೆ ಮೂಡಿದರೆ ಮರ ಉಳಿಯದೆಂದು ಆತನು ಬಲ್ಲನು. ರೋಗದ ಹೆಸರೇ ‘ಅಣಬೆ ರೋಗ’. ಸತ್ತ ಮರದ ಬುಡವನ್ನು ಬೇರುಸಹಿತ ಕಿತ್ತುಹಾಕುವುದು, ರೋಗ ಹಿಡಿದ ಮರದ ಸುತ್ತ ಕಂದಕ ತೆಗೆದು ಬೇರುಗಳ ಸಂಪರ್ಕ ತಪ್ಪಿಸುವುದು ಇದಕ್ಕೆ ರೂಢಿಯಲ್ಲಿರುವ ಉಪಾಯ. ರಿಷ್ಬೆತ್ತನು ಪೈನ್ ತೋಪಿನಲ್ಲಿ ಕಂಡ ಮೋಟು ಮತ್ತು ಬೇರುಗಳ ನ್ಯಾಯವೇ ಅಡಕೆಯ ತೋಟದಲ್ಲಿಯೂ ಇರುವುದು.

ಉತ್ತರ ಕನ್ನಡ ಜಿಲ್ಲೆಯ ಸೊಪ್ಪಿನ ಬೆಟ್ಟಗಳೂ ಇಲ್ಲಿ ಸ್ಮರಣೀಯ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಸೊಪ್ಪಿಗಾಗಿ ಬಳಸುವ ಸೌಲಭ್ಯವು ಅಲ್ಲಿನ ತೋಟಿಗರಿಗೆ ದೊರೆತಿತ್ತು. ಮಿತವಾಗಿ ಸವರಿದ ಬೆಟ್ಟದಲ್ಲಿ ಮರಗಳು ಬಹುಕಾಲ ಬಾಳುವುವು. ಕೊಂಬೆಯ ಬುಡವನ್ನು ಸೀಳಿ ಮೇಲಿಂದ ಮೇಲೆ ಕಡಿದರೆ, ಕೈಲ್ ಮರದಲ್ಲಿ ಆದಂತೆ, ಪ್ರತಿಯೊಂದು ಗಾಯವೂ ಚೇಗಿಗೆ ದಾರಿಯಾಗುವುದು. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇದ್ದಿಲಿನಿಂದ ಕುಲುಮೆಯನ್ನುರಿಸಲಾರಂಭಿಸಿದಾಗ ಇದಕ್ಕೆ ವಿಪರೀತವಾದ ಇನ್ನೊಂದು ಸ್ಥಿತಿ ಬಂದಿತು. ಇದ್ದಿಲಿಗೆ ಸೊಟ್ಟಮರವೂ ಆದೀತು, ಒಣಮರವೂ ಆದೀತು. ಆ ಬಗೆಯ ಕಡಿತದಲ್ಲಿ ಕೊರಡಾಗಿ ಬೀಳಲು ಉಳಿಯುವುದು ಅಲ್ಪ.

೬

ಇವೆಲ್ಲಕ್ಕಿಂತ ಬೇರೆಯಾದ ಒಂದು ಅರಣ್ಯಪಾಲನೆ ಕೊಡಗಿನಲ್ಲಿ ಇಲಾಖೆಗಳು ಹುಟ್ಟುವುದಕ್ಕೂ ಮುಂಚಿನಿಂದ ನಡೆದುಬಂದಿದೆ. ಅದು ದೇವರಕಾಡು. ಅಯ್ಯಪ್ಪ, ಭಗವತಿ ಮೊದಲಾದ ದೇವತೆಗಳ ಹೆಸರಿನಲ್ಲಿ ಊರವರು ಬಿಟ್ಟುಕೊಟ್ಟ ಈ ಕಾಡುಗಳಲ್ಲಿ ಮರ ಕಡಿಯುವುದು ನಿಷಿದ್ಧ. ಹೀಗಾಗಿ ಮುದಿಮರವು ತಾನಾಗಿ ಸತ್ತು, ತಾನಾಗಿ ಬಿದ್ದು, ಬಿದ್ದಲ್ಲಿಯೇ ಮಣ್ಣಾಗುವುದಕ್ಕೆ ಇಲ್ಲಿ ಅವಕಾಶವಿರುವುದು. ಉತ್ತರದೇಶದ ವಿದ್ವಾಂಸರು ಲೆಕ್ಕಹಾಕಿ ಕಂಡ ಮರ್ಮವನ್ನು ದೈವಭೀತಿಯು ಲೆಕ್ಕವಿಲ್ಲದೆಯೇ ಪಾಲಿಸಿತು.

ಈ ಕಾಡುಗಳ ಶಿಲೀಂಧ್ರಗಳನ್ನು ಎಣಿಸಿದ ಪ್ರಯತ್ನವೊಂದು ೨೦೦೫ರಲ್ಲಿ ಪ್ರಕಟವಾಯಿತು. ಶೋನಿಲ್ ಭಾಗವತ್, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಸಿ. ಜಿ. ಕುಶಾಲಪ್ಪ ಹಾಗೂ ಅವರ ಸಹೋದ್ಯೋಗಿಗಳು ಕೊಡಗಿನ ೫೮ ಸ್ಥಳಗಳಲ್ಲಿ ಮರಗಳನ್ನೂ ಹಕ್ಕಿಗಳನ್ನೂ ಅಣಬೆಗಳನ್ನೂ ಪರಿಶೀಲಿಸಿದರು. ೧೦ ಸ್ಥಳಗಳು ಸರ್ಕಾರದ ರಕ್ಷಿತಾರಣ್ಯಕ್ಕೆ ಸೇರಿದುವು, ೨೫ ದೇವರಕಾಡುಗಳು, ೨೩ ಕಾಫಿ ತೋಟಗಳು. ಒಟ್ಟು ೨೧೫ ಜಾತಿಯ ಮರಗಳು, ೮೬ ಜಾತಿಯ ಹಕ್ಕಿಗಳು, ೧೬೩ ಜಾತಿಯ ಅಣಬೆಗಳು ದಾಖಲಾದುವು. ಬೇರೆಡೆ ದುರ್ಲಭವಾದ ಮರಗಳು ರಕ್ಷಿತಾರಣ್ಯದಲ್ಲಿ ಹೆಚ್ಚಾಗಿದ್ದುವು. ಅಣಬೆಗಳ ಜಾತಿಗಳಾದರೋ ದೇವರಕಾಡುಗಳಲ್ಲಿ ಬಹುಸಂಖ್ಯೆಯಲ್ಲಿದ್ದುವು. ಜನರು ತಿನ್ನುವುದಕ್ಕೂ ಔಷಧಕ್ಕೂ ಬಳಸುವ ಅಣಬೆಗಳೂ ಅಲ್ಲಿಯೇ ಸಮೃದ್ಧವಾಗಿದ್ದುವು. ಕೊಡವರು ‘ಕುಮ್ಮ್’ ಎಂದು ಕರೆದು ಮಳೆಗಾಲದಲ್ಲಿ ಆಸೆಯಿಂದ ಅರಸುವುದು ಇಂತಹ ಅಣಬೆಗಳನ್ನೇ.

ಈ ಅಣಬೆಗಳೆಲ್ಲವೂ ಮರದಲ್ಲಿ ಬಾಳತಕ್ಕವಲ್ಲ. ಮಣ್ಣಿನಲ್ಲಿ, ತರಗೆಲೆಯಲ್ಲಿ, ಹುತ್ತದಲ್ಲಿ ಬೆಳೆಯುವವೂ ಅವುಗಳಲ್ಲಿ ಸೇರಿವೆ. ಸಂಶೋಧಕರು ದೇವರಕಾಡಿನ ಸಮೃದ್ಧಿಗೆ ಅಲ್ಲಿನ ಸ್ವದೇಶೀಯ ಮರಗಳ ಹೊದಿಕೆಯೇ ಕಾರಣವೆಂದಿರುವರು. ಮರಗಳ ಜಾತಿಗಳು ಹೆಚ್ಚಿದಂತೆ ಕೊರಡುಗಳ ಜಾತಿಯೂ ಹೆಚ್ಚುವುದರಿಂದ, ಶಂಕುಧಾರಿಗಳ ಕಾಡಿನಲ್ಲಿ ಕಂಡ ನ್ಯಾಯಕ್ಕೆ ಇದು ಹೊಂದಿಕೆಯಾಗಿಯೇ ಇದೆ. ಅರಣ್ಯದ ವಿಸ್ತಾರವೊಂದೇ ಶಿಲೀಂಧ್ರಗಳ ಭಾಗ್ಯವನ್ನು ಅಳೆಯುವ ಕೋಲಲ್ಲ. ಒಳಗೆ ಏನನ್ನು ಮುಟ್ಟದೆ ಬಿಟ್ಟಿದ್ದಾರೆಂಬುದೂ ಅಷ್ಟೇ ಮುಖ್ಯವಾದುದು.

ಆದರೆ ದೇವರಕಾಡುಗಳ ವಿಸ್ತಾರವೇ ಕುಗ್ಗಿಹೋಗಿದೆ. ೧೮೭೩ರಲ್ಲಿ ಅವು ೧೫,೫೦೬ ಎಕರೆಗಳಿದ್ದುವು. ೧೯೮೫ರ ವೇಳೆಗೆ ೬,೨೯೯ ಎಕರೆಗಳಿಗೆ ಇಳಿದುವು. ೧೮೫೪ರಿಂದ ಯೂರೋಪಿಯನ್ನರ ಕೈಯಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಯತೊಡಗಿದ ಕಾಫಿಯೂ, ಅನಂತರದ ಒತ್ತುವರಿಯೂ ಇದಕ್ಕೆ ಕಾರಣಗಳು. ಉಳಿದ ೧,೨೧೪ ಕಾಡುಗಳಲ್ಲಿ ಬಹಳಷ್ಟು ತೀರ ಚಿಕ್ಕವು. ಚಿಕ್ಕ ಕಾಡಿನಲ್ಲಿ ವರ್ಷಕ್ಕೆ ಒಂದು ಮರವೂ ಬೀಳದಿರಬಹುದು. ಕೊರಡುಗಳ ಸರಪಳಿ ಅಲ್ಲಿ ಸುಲಭವಾಗಿ ಕಡಿಯುವುದು. ಬಿದ್ದ ಒಂದು ಮರವನ್ನು ‘ಹೇಗೂ ಸತ್ತದ್ದು’ ಎಂದು ಹೊತ್ತೊಯ್ದರೆ ಅಂತಹ ಕಾಡಿಗಾಗುವ ನಷ್ಟವು ದೊಡ್ಡ ಅರಣ್ಯದಲ್ಲಿ ನೂರು ಮರ ಒಯ್ದುದಕ್ಕೆ ಸಮನಾಗಬಹುದು.

೭

‘ಹೇಗೂ ಸತ್ತದ್ದು’ ಎಂಬ ಮಾತಿಗೆ ಕಾನೂನಿನ ಉತ್ತರವು ೨೦೦೦ದ ಫೆಬ್ರವರಿ ೧೪ರಂದು ದೊರೆಯಿತು. ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಉದ್ಯಾನಗಳಿಂದಲೂ ಅಭಯಾರಣ್ಯಗಳಿಂದಲೂ ಸತ್ತ, ಸಾಯುತ್ತಿರುವ, ರೋಗಹಿಡಿದ, ಗಾಳಿಗೆ ಬಿದ್ದ ಮರಗಳನ್ನು ತೆಗೆಯಕೂಡದೆಂದು ಆಜ್ಞಾಪಿಸಿತು. ನಾಗರಹೊಳೆ, ಬಂಡೀಪುರ, ಭದ್ರಾ ಮುಂತಾದೆಡೆಗಳಲ್ಲಿ ಕೊರಡಿಗೆ ಬಿದ್ದಲ್ಲಿಯೇ ಇರುವ ಹಕ್ಕು ಇದರಿಂದ ದೊರೆತಂತಾಯಿತು. ಹಾರ್ಟಿಗ್‌ನ ಕಾಲದ ಶುಚಿತ್ವನಿಯಮಕ್ಕೆ ಇದು ನೇರ ಪ್ರತಿಯಾದುದು.

ಇದರಲ್ಲಿ ತೊಡಕುಗಳಿಲ್ಲವೆಂದಲ್ಲ. ಒಣಗಿದ ಎಲೆಯುದುರುವ ಕಾಡಿನಲ್ಲಿ ಬೇಸಗೆಯ ಬೆಂಕಿಗೆ ಬಿದ್ದ ಮರ ಇಂಧನವಾಗುವುದು. ಕಾಡಂಚಿನ ಬಡವರಿಗೆ ಒಣಸೌದೆ ಒಲೆಯ ಅನ್ನ. ತೇಗ, ಬೀಟೆಗಳ ಒಂದು ಕೊರಡು ಸಾವಿರಾರು ರೂಪಾಯಿಗಳ ಸೊತ್ತು. ಅದನ್ನು ಮಣ್ಣಾಗಲು ಬಿಡುವುದು ಖಜಾನೆಗೆ ನಷ್ಟವೇ. ಆದರೆ ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕತಕ್ಕದ್ದಿಲ್ಲ. ಹೆಂಗಸೊಬ್ಬಳು ತಲೆಯ ಮೇಲೆ ಹೊರುವ ಸೌದೆ ಮಣಿಕಟ್ಟಿನಷ್ಟು ದಪ್ಪನೆಯ ಕಡ್ಡಿಗಳು. ವಿರಳವಾದ ಶಿಲೀಂಧ್ರಗಳಿಗೆ ಬೇಕಾದುದು ತೋಳಿನಿಂದ ತಬ್ಬಲಾಗದ ಕೊರಡು. ಬೆಂಕಿ ಬೇಗ ಹಬ್ಬುವುದೂ ಹುಲ್ಲು, ತರಗು, ಸಣ್ಣ ಕಡ್ಡಿಗಳಿಂದಲೇ. ಕುಂಬಾಗಿ ನೀರು ಕುಡಿದ ದಪ್ಪ ಕೊರಡು ಅಷ್ಟು ಸುಲಭವಾಗಿ ಹೊತ್ತುವುದಿಲ್ಲ. ಹೀಗೆ ಬಡವರ ಒಲೆಗೂ ಶಿಲೀಂಧ್ರಗಳ ಮನೆಗೂ ಇರುವ ವಿರೋಧವು ತೋರಿಕೆಯಷ್ಟು ದೊಡ್ಡದಲ್ಲ.

ಅಭಯಾರಣ್ಯಗಳ ಹೊರಗೆ, ಕಡಿತ ನಡೆಯುವ ಕಾಡುಗಳಿಗೆ ಸ್ವೀಡನ್ ದೇಶದವರು ಹಿಡಿದ ಮಧ್ಯಮಾರ್ಗವು ವಿಚಾರಾರ್ಹವಾಗಿದೆ. ೧೯೯೦ರ ದಶಕದಿಂದ ಅಲ್ಲಿ ಕಡಿಯುವಾಗಲೇ ಕೆಲವು ಮರಗಳನ್ನು ಮೂರರಿಂದ ಐದು ಮೀಟರು ಎತ್ತರದಲ್ಲಿ ಕತ್ತರಿಸಿ, ಮೋಟನ್ನು ನಿಂತಂತೆಯೇ ಬಿಡುವರು. ಕೆಲವು ಜೀವಂತ ಮರಗಳನ್ನು ಮುಂದಿನ ತಲೆಮಾರಿನ ಕೊರಡುಗಳಿಗಾಗಿ ಉಳಿಸುವರು. ಇರುವ ಹಳೆಯ ಕೊರಡುಗಳನ್ನು ಯಂತ್ರಗಳು ಪುಡಿಮಾಡದಂತೆ ನೋಡಿಕೊಳ್ಳುವರು. ಪುರಾತನ ಕಾಡಿಗೆ ಇದು ಸಾಟಿಯಲ್ಲ. ಆದರೂ ಅನೇಕ ಜಾತಿಗಳಿಗೆ ತೇಲುವ ಹಲಗೆ. ಅಡಕೆ, ಕಾಫಿ ತೋಟಗಳ ಒಳಗೆ ಇದನ್ನು ಅನುಕರಿಸುವುದು ಅವಿವೇಕವಾದೀತು. ಅಲ್ಲಿ ರೋಗದ ಮೋಟನ್ನು ಕೀಳಲೇಬೇಕು. ತೋಟಕ್ಕೆ ತೋಟದ ನ್ಯಾಯ, ಕಾಡಿಗೆ ಕಾಡಿನ ನ್ಯಾಯ. ಎರಡನ್ನೂ ಒಂದೇ ನಿಯಮದಿಂದ ಆಳಿದುದರಿಂದಲೇ ತೊಂದರೆ ಬಂದುದು.

೮

ಬಾಗೇವಾಡಿಯ ಬಯಲಿಗೆ ಮರಳಿದರೆ, ಅಲ್ಲಿನ ಒಣ ಕೊರಡಿಗೂ ಶಿಲೀಂಧ್ರಕ್ಕೂ ಸಂಬಂಧವೇ ಇಲ್ಲವೆಂದು ತೋರಬಹುದು. ಇದ್ದರೂ ಅದು ನೆಲದಡಿಯ ಸಂಬಂಧ. ಬಯಲುಸೀಮೆಯಲ್ಲಿ ಮರವನ್ನು ತಿನ್ನುವುದು ಗೆದ್ದಲು. ಹುತ್ತ ಕಟ್ಟುವ ಗೆದ್ದಲುಗಳಲ್ಲಿ ಮುಖ್ಯವಾದ ಜಾತಿಗಳು ಮರವನ್ನು ತಾವೇ ಪೂರ್ತಿ ಅರಗಿಸಿಕೊಳ್ಳಲಾರವು. ಅಗಿದುದನ್ನು ಹುತ್ತದೊಳಕ್ಕೆ ಸಾಗಿಸಿ, ಜೇನುಹುಟ್ಟಿಯಂತಹ ಗೂಡುಗಳಾಗಿ ಕಟ್ಟಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಕೃಷಿಮಾಡುವುವು. ಮರವನ್ನು ಪಕ್ವಮಾಡುವುದು ಆ ಶಿಲೀಂಧ್ರ. ಅದಕ್ಕೆ ಬೇಕಾದ ತೇವವನ್ನೂ ತಂಪನ್ನೂ ಹುತ್ತದೊಳಗೆ ಒದಗಿಸುವುದು ಗೆದ್ದಲು. ಮಳೆ ಹಿಡಿದಾಗ ಹುತ್ತದ ಮೇಲೆ ಏಳುವ ಅಣಬೆಗಳು ಈ ಬೇಸಾಯದ ಹೂಗಳು. ಮಲೆನಾಡಿನಲ್ಲಿ ಆಕಾಶ ಕೊಡುವ ತೇವವನ್ನು ಬಯಲಿನಲ್ಲಿ ಹುತ್ತ ಕೊಡುವುದು.

ಆದುದರಿಂದ ಸ್ಪ್ರೂಸಿನ ಕಾಡಾಗಲಿ, ಕೊಡಗಿನ ದೇವರಕಾಡಾಗಲಿ, ಬಾಗೇವಾಡಿಯ ಹೊಲದ ಬದುವಾಗಲಿ, ಮರದ ಬಾಳು ಅದರ ಸಾವಿನೊಡನೆ ಮುಗಿಯುವುದಿಲ್ಲ. ಸತ್ತ ಮೇಲೆ ಅದು ಎಷ್ಟು ಕಾಲ, ಎಷ್ಟು ಜೀವಿಗಳಿಗೆ ಮನೆಯಾಗಿರುವುದೆಂಬುದು ಬಹುಮಟ್ಟಿಗೆ ಮನುಷ್ಯನ ಕೈಯಲ್ಲಿದೆ. ವಚನದಲ್ಲಿ ಕೊರಡಿನ ಚಿಗುರು ದೈವಕೃಪೆಯ ಮಾತು; ಅದರ ಅರ್ಥಕ್ಕೆ ಸಸ್ಯಶಾಸ್ತ್ರದ ಬೆಂಬಲ ಬೇಕಾಗಿಲ್ಲ. ಆದರೆ ಆ ಪದವನ್ನು ಪಾಠ ಹೇಳುವ ಅಧ್ಯಾಪಕರು ಮಲೆನಾಡಿನ ವಿದ್ಯಾರ್ಥಿಗಳನ್ನು ಒಂದು ಮಳೆಗಾಲದ ದಿನ ಹತ್ತಿರದ ಕಾಡಿಗೆ ಕರೆದೊಯ್ದು, ಬಿದ್ದ ಮರದ ತೊಗಟೆಯ ಮೇಲಣ ಅಣಬೆಗಳನ್ನೂ ಕುಂಬಿನಲ್ಲಿ ಬೇರುಬಿಟ್ಟ ಸಸಿಯನ್ನೂ ತೋರಿಸಿ, ತೊಗಟೆಯನ್ನು ಕೀಳದೆ ಹಾಗೆಯೇ ಬಿಟ್ಟು ಬಂದರೆ, ಪದವೂ ಕಾಡೂ ಒಟ್ಟಿಗೆ ಉಳಿಯುವುವು.